ಕುಡಿಯುವ ನೀರಿನಲ್ಲಿ ಕರಗಿರುವ ವಸ್ತುಗಳು: ಸಾರ್ವಜನಿಕರಿಗೆ ಮಾಹಿತಿ

ಕಲಬುರಗಿ ನಗರ ಹಾಗೂ ಕಮಲಾಪುರದಲ್ಲಿ ಕೊಳವೆಬಾವಿ ನೀರನ್ನು ಬಳಸುವ ನಾಗರಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಒಂದೇ ಬಗೆಯ ಕಣಗಳಿಂದಾದ ದ್ರವ್ಯವನ್ನು ಶುದ್ಧ ವಸ್ತು ಎನ್ನಲಾಗುತ್ತದೆ. ಕೊಳವೆಬಾವಿಯ ನೀರು ತಿಳಿಯಾಗಿ ಕಂಡರೂ ಶುದ್ಧ ವಸ್ತುವಲ್ಲ. ಅದು ಕಲ್ಲು ಮಣ್ಣಿನಿಂದ ಲವಣಗಳು ಕರಗಿ ಸೇರಿರುವ ದ್ರಾವಣವಾಗಿರುತ್ತದೆ.

1. ಗಡಸುತನ: ನೀರನ್ನು ಕುದಿಸಿದಾಗ ಅದರಲ್ಲಿನ ಕ್ಯಾಲ್ಸಿಯಂ ಬೈಕಾರ್ಬೊನೇಟ್ ವಿಭಜನೆಗೊಂಡು, ಕ್ಯಾಲ್ಸಿಯಂ ಕಾರ್ಬೊನೇಟ್ ಪಾತ್ರೆಯ ತಳದಲ್ಲಿ ಬಿಳಿ ಪದರವಾಗಿ ಕೂರುತ್ತದೆ. ಇದು ರಾಸಾಯನಿಕ ಬದಲಾವಣೆ. ಜಿಲ್ಲೆಯ ಶಹಾಬಾದ್ ಕಲ್ಲಿನ ಮುಖ್ಯ ಘಟಕವೂ ಇದೇ ವಸ್ತು.

2. ಫ್ಲೋರೈಡ್ ಮತ್ತು ನೈಟ್ರೇಟ್: ನೀರು ಆವಿಯಾಗುವುದು ಭೌತಿಕ ಬದಲಾವಣೆ. ಆವಿಯೊಂದಿಗೆ ಈ ಲವಣಗಳು ಹೋಗುವುದಿಲ್ಲ. ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಹೆಚ್ಚುತ್ತದೆ. ಅಧಿಕ ಫ್ಲೋರೈಡ್ ಹಲ್ಲು ಮತ್ತು ಮೂಳೆಗಳಿಗೆ, ಅಧಿಕ ನೈಟ್ರೇಟ್ ಹಸುಗೂಸುಗಳಿಗೆ ಹಾನಿಕರ.

ಕುದಿಸುವುದರಿಂದ ರೋಗಾಣುಗಳು ನಾಶವಾಗುತ್ತವೆ. ಆದರೆ ಈ ಲವಣಗಳು ನಿವಾರಣೆಯಾಗುವುದಿಲ್ಲ. ಭಾರತೀಯ ಮಾನಕ 10500:2012ರ ಪ್ರಕಾರ ಪ್ರತಿ ಲೀಟರ್ ನೀರಿನಲ್ಲಿ ಫ್ಲೋರೈಡ್ 1.0 ಮಿ.ಗ್ರಾಂ (ಬೇರೆ ಜಲಮೂಲವಿಲ್ಲದಿದ್ದಲ್ಲಿ 1.5 ಮಿ.ಗ್ರಾಂ) ಹಾಗೂ ನೈಟ್ರೇಟ್ 45 ಮಿ.ಗ್ರಾಂ ಮೀರಿರಬಾರದು.

ಬಣ್ಣ ಅಥವಾ ರುಚಿಯಿಂದ ಇದು ತಿಳಿಯದ ಕಾರಣ, ಹೊಸ ಕೊಳವೆಬಾವಿಯ ನೀರನ್ನು ಕುಡಿಯಲು ಬಳಸುವ ಮುನ್ನ ಅದರ ಮಾದರಿಯನ್ನು ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಲು ಕೋರಲಾಗಿದೆ.