ನಿಮಗಿದು ಗೊತ್ತೆ? ಕತ್ತಲಾದರೆ ಉಸಿರಿಗೆ ಮೇಲೇಳುವ ಮೀನು

ಬೆಳೆದ ಕೊರವ ಮೀನನ್ನು ಮೇಲ್ಮೈಗೆ ಬರದಂತೆ ತಡೆದರೆ ಅದು ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ! ಅದಕ್ಕೆ ಕಿವಿರು ಸಾಲದು. ತಲೆಯೊಳಗಿನ ಗಾಳಿಗೂಡಿಗೆ ಆಗಾಗ ಹೊಸ ಗಾಳಿ ತುಂಬಿಕೊಳ್ಳಲೇಬೇಕು.

ಗಾಳಿ ನುಂಗುವ ಮುರುಗೋಡು, ಚೇಳುಮೀನುಗಳಿಗಂತೂ ಉಸಿರಾಟದಲ್ಲೂ ಒಂದು ದಿನಚರಿಯಿದೆ. ಹಗಲು ತಳದಲ್ಲಿ ಅಡಗಿದ್ದು, ಇರುಳಲ್ಲಿ ಹೆಚ್ಚು ಸಲ ಮೇಲೆ ಬರುತ್ತವೆ. ಆಹಾರ ಹುಡುಕುವ ಹೊತ್ತು ಅದು, ಆಮ್ಲಜನಕ ಹೆಚ್ಚು ಬೇಕು. ಆದರೆ ಬೆಳಕಿಲ್ಲದಾಗ ಜಲಸಸ್ಯಗಳು ಆಮ್ಲಜನಕ ತಯಾರಿಸುವುದಿಲ್ಲ, ಬಳಸುತ್ತವೆ ಅಷ್ಟೆ. ಹಾಗಾಗಿ ನಿಂತ ನೀರಿನಲ್ಲಿ ಬೆಳಗಿನ ಜಾವಕ್ಕೆ ಅದು ತೀರಾ ತಗ್ಗುತ್ತದೆ. ಮೇಲಿನ ಗಾಳಿಯಲ್ಲಾದರೋ ಹಗಲಿರುಳೂ ಸುಮಾರು ಶೇ. 21! ಕೊಕ್ಕರೆ, ಮಿಂಚುಳ್ಳಿಗಳು ಹೊಂಚುವ ಹಗಲಿಗಿಂತ ಕತ್ತಲಲ್ಲಿ ಮೇಲೇಳುವುದು ಕ್ಷೇಮವೂ ಹೌದು.