ನಿಂತ ದೀಪ, ನಡೆವ ಅಕ್ಷರ

ರೈಲು ನಿಲ್ದಾಣದ ವಿದ್ಯುತ್ ಫಲಕದ ಮೇಲೆ ಊರುಗಳ ಹೆಸರುಗಳು ಬಲದಿಂದ ಎಡಕ್ಕೆ ಸಾಗುವುದನ್ನು ನಾವೆಲ್ಲರೂ ನೋಡಿದ್ದೇವೆ. ಅಲ್ಲಿ ಚಲಿಸುವ ವಸ್ತು ಯಾವುದು? ಹತ್ತಿರ ಹೋಗಿ ನೋಡಿದರೆ ಸಾಲುಸಾಲಾಗಿ ಕೂಡಿಸಿದ ಕಿರುದೀಪಗಳಲ್ಲದೆ ಬೇರೇನೂ ಕಾಣದು. ಅವು ಹೊತ್ತುತ್ತವೆ, ಆರುತ್ತವೆ. ಇದ್ದ ಸ್ಥಳದಿಂದ ಕದಲುವುದಿಲ್ಲ. ಹಾಗಾದರೆ ನಾವು ಕಂಡ ಚಲನೆ ಎಲ್ಲಿಯದು?

ಮ್ಯಾಕ್ಸ್ ವರ್ತ್‌ಹೈಮರ್ ಎಂಬ ಮನಶ್ಶಾಸ್ತ್ರಜ್ಞನು 1912ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದಕ್ಕೆ ಉತ್ತರವಿದೆ. ಅವನು ಎರಡು ಗೆರೆಗಳನ್ನು ಒಂದಾದ ಮೇಲೊಂದರಂತೆ ತೋರಿಸಿದನು. ನಡುವಣ ಅವಧಿ ಸುಮಾರು 200 ಮಿಲಿಸೆಕೆಂಡುಗಳಿದ್ದಾಗ ಅವು ಬೇರೆಬೇರೆಯಾಗಿ ಕಂಡವು. 30 ಆದಾಗ ಒಟ್ಟಿಗೇ ಕಂಡವು. 60ರ ಸುಮಾರಿನಲ್ಲಾದರೋ ಒಂದೇ ಗೆರೆ ಇಲ್ಲಿಂದ ಅಲ್ಲಿಗೆ ಸರಿದಂತೆ ತೋರಿತು. ಆ ಚಲನೆಯನ್ನು ಕಟ್ಟಿದುದು ನೋಡುವವನ ಮಿದುಳು.

ಗಣಕಯಂತ್ರದ ಪರದೆಯೂ ಇದೇ ತತ್ತ್ವವನ್ನು ಆಶ್ರಯಿಸಿದೆ. ಸಾಧಾರಣ ಪರದೆ ಸೆಕೆಂಡಿಗೆ 60 ಸ್ಥಿರಚಿತ್ರಗಳನ್ನು ತೋರಿಸುತ್ತದೆ. 1920 ಬಿಂದುಗಳಷ್ಟು ಅಗಲವಾದ ಪರದೆಯನ್ನು ಅಕ್ಷರವೊಂದು 8 ಸೆಕೆಂಡುಗಳಲ್ಲಿ ದಾಟಬೇಕಾದರೆ, ಚಿತ್ರದಿಂದ ಚಿತ್ರಕ್ಕೆ ಅದನ್ನು 4 ಬಿಂದುಗಳಷ್ಟು ಸರಿಸಿದರೆ ಸಾಕು.

ಅಕ್ಷರವನ್ನು ಓಡಿಸುವುದು ಇಷ್ಟು ಸುಲಭ, ಓದಿಸುವುದು ಸುಲಭವಲ್ಲ. ಓದುವಾಗ ನಮ್ಮ ಕಣ್ಣು ಸಾಲಿನುದ್ದಕ್ಕೂ ಜಾರಿಹೋಗುವುದಿಲ್ಲ. ಅದು ಜಿಗಿಯುತ್ತದೆ, ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ಓದು ನಡೆಯುವುದು ನಿಂತಾಗಲೇ. ಪದಗಳು ಅತಿವೇಗವಾಗಿ ಸರಿದರೆ ಕಣ್ಣಿಗೆ ಈ ಬಿಡುವು ದೊರೆಯದು. ಗಾಡಿ ಹಿಡಿಯಲು ಧಾವಿಸುವ ಪ್ರಯಾಣಿಕನು ತನ್ನ ಊರಿನ ಹೆಸರು ಮರಳಿ ಬರುವವರೆಗೆ ಕಾಯಬೇಕಾಗುತ್ತದೆ. ಆದುದರಿಂದಲೇ, ತಾನಾಗಿ ಆರಂಭವಾಗಿ 5 ಸೆಕೆಂಡುಗಳಿಗೂ ಮೀರಿ ಇತರ ವಿಷಯದ ಜೊತೆಯಲ್ಲಿ ಚಲಿಸುವ ಬರಹವನ್ನು ತಡೆದು ನಿಲ್ಲಿಸುವ ಸೌಕರ್ಯ ಓದುಗನಿಗಿರಬೇಕೆಂದು ಅಂತರಜಾಲದ ಅಂತರರಾಷ್ಟ್ರೀಯ ಮಾರ್ಗಸೂಚಿ ವಿಧಿಸುತ್ತದೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗುವ ಬರಹದ ವಿಷಯದಲ್ಲಿಯೂ ಅದು ಎಚ್ಚರಿಸುತ್ತದೆ. ಅಂತಹ ಮಿನುಗು ಕೆಲವರಲ್ಲಿ ಅಪಸ್ಮಾರವನ್ನು ಕೆರಳಿಸಬಲ್ಲುದು.

ಕನ್ನಡಕ್ಕೆ ಇನ್ನೊಂದು ತೊಡಕುಂಟು. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಯೂನಿಕೋಡ್ ಪದ್ಧತಿಯಲ್ಲಿ ಅದು ಆರು ಸಂಕೇತಗಳ ಸರಣಿ. ಬರಹವನ್ನು ಸಂಕೇತಕ್ಕೊಂದರಂತೆ ಮೂಡಿಸಿದರೆ ಮೊದಲು ಸ, ಬಳಿಕ ಸ್, ಸ್ತ, ಸ್ತ್, ಸ್ತ್ರ ಎಂದು ಐದು ಬೇರೆ ರೂಪಗಳು ತೋರಿ, ಆರನೆಯದಾಗಿ ‘ಸ್ತ್ರೀ’ ಬರುತ್ತದೆ. ಸಂಕೇತಗಳನ್ನು ಬಿಡಿಬಿಡಿಯಾಗಿ ಚಲಿಸಗೊಟ್ಟರೆ ಒತ್ತಕ್ಷರವು ತನ್ನ ಆಸರೆಯಿಂದ ಕಳಚಿಹೋಗುತ್ತದೆ. ಒತ್ತು, ದೀರ್ಘಗಳೊಡನೆ ಕೂಡಿದ ಇಡಿಯ ಅಕ್ಷರವನ್ನೇ ಚಲನೆಯ ಘಟಕವಾಗಿ ಎಣಿಸುವುದು ಇದಕ್ಕೆ ಪರಿಹಾರ. ಈ ಕ್ರಮಲೇಖನವನ್ನು ಕನ್ನಡ ಬಲ್ಲ ವಿದ್ಯಾರ್ಥಿಗಳೇ ಕೈಗೊಂಡು ಪರೀಕ್ಷಿಸಬಹುದು.

ಮುಂದಿನ ಸಲ ನಿಲ್ದಾಣಕ್ಕೆ ಹೋದಾಗ ಫಲಕದ ಒಂದೇ ದೀಪದ ಮೇಲೆ ದೃಷ್ಟಿಯಿಟ್ಟು ನೋಡೋಣ. ಹೊತ್ತಿ ಆರುವ ಬೆಳಕೊಂದೇ ಅಲ್ಲಿ ಕಾಣುವುದು. ನಾಲ್ಕು ಹೆಜ್ಜೆ ಹಿಂದೆ ಸರಿದು ಇಡಿಯ ಫಲಕವನ್ನು ನೋಡಿದೆವೋ, ಊರಿನ ಹೆಸರು ಮತ್ತೆ ನಡೆಯತೊಡಗುತ್ತದೆ.