ಚಂದ್ರನ ದೂರ: ಬೆಳಕಿಗೂ ಬೇಕು ಒಂದೂಕಾಲು ಸೆಕೆಂಡು

ಭೂಮಿಯಿಂದ ಚಂದ್ರನಿಗೆ ಎಷ್ಟು ದೂರ? ಈ ಪ್ರಶ್ನೆ ಕೇಳಿದೊಡನೆ ವಿದ್ಯಾರ್ಥಿಗಳು ‘3,84,400 ಕಿಲೋಮೀಟರ್’ ಎಂದು ಥಟ್ಟನೆ ಉತ್ತರಿಸುತ್ತಾರೆ. ಒಂದು ಅಂಕಕ್ಕೆ ಅಷ್ಟು ಸಾಕು. ಆದರೆ ಆ ಸಂಖ್ಯೆ ಎಷ್ಟು ದೊಡ್ಡದು, ಅದರಿಂದ ಏನಾಗುತ್ತದೆ ಎಂಬುದನ್ನು ತಿಳಿಯದಿದ್ದರೆ ಕಂಠಪಾಠ ಮಾಡಿ ಫಲವೇನು?

ಮೈಸೂರಿನಿಂದ ಬೆಂಗಳೂರಿಗೆ ಸುಮಾರು 140 ಕಿ.ಮೀ. ಗಂಟೆಗೆ 60 ಕಿ.ಮೀ. ವೇಗದ ಬಸ್ಸೊಂದು ಎಲ್ಲಿಯೂ ನಿಲ್ಲದೆ ಹಗಲಿರುಳೂ ಓಡಿದರೆ ಚಂದ್ರನನ್ನು ತಲುಪಲು ಸುಮಾರು 267 ದಿನಗಳು ಬೇಕು. ಇನ್ನೊಂದು ರೀತಿಯಲ್ಲಿ ನೋಡೋಣ. ಭೂಮಿ 24 ಸೆಂ.ಮೀ. ವ್ಯಾಸದ ಬಾಸ್ಕೆಟ್‌ಬಾಲ್ ಎಂದಿಟ್ಟುಕೊಂಡರೆ ಚಂದ್ರ ಒಂದು ಟೆನಿಸ್ ಚೆಂಡು. ಇವೆರಡರ ನಡುವೆ ಎಷ್ಟು ಅಂತರ ಬಿಡಬೇಕು? ಒಂದು ಗೇಣಲ್ಲ, ಒಂದು ಮಾರೂ ಅಲ್ಲ. ಏಳು ಮೀಟರಿಗೂ ಹೆಚ್ಚು! ಪುಸ್ತಕದ ಪುಟದಲ್ಲಿ ಸ್ಥಳವಿಲ್ಲದ ಕಾರಣ ಚಿತ್ರಗಳಲ್ಲಿ ಇವೆರಡೂ ಅಕ್ಕಪಕ್ಕದಲ್ಲೇ ಇರುತ್ತವೆ.

ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿ.ಮೀ. ಸಾಗುವ ಬೆಳಕಿಗೂ, ರೇಡಿಯೋ ತರಂಗಕ್ಕೂ ಈ ದೂರ ಕ್ರಮಿಸಲು ಸುಮಾರು 1.3 ಸೆಕೆಂಡು ಬೇಕು. ಹೋಗಿ ಬರಲು 2.6 ಸೆಕೆಂಡು. ‘ಅಷ್ಟೇ ತಾನೆ!’ ಎನ್ನಬೇಡಿ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ 30 ಕಿ.ಮೀ. ಎತ್ತರದಿಂದ ಇಳಿಯತೊಡಗಿದಾಗ ಅದರ ವೇಗ ಸೆಕೆಂಡಿಗೆ ಸುಮಾರು 1.68 ಕಿ.ಮೀ. ಇತ್ತು. ಬೆಂಗಳೂರಿನಲ್ಲಿದ್ದ ಇಸ್ರೋ ವಿಜ್ಞಾನಿಗಳು ಪರದೆಯ ಮೇಲೆ ತಪ್ಪೊಂದನ್ನು ಕಂಡು ಆ ಕ್ಷಣವೇ ಆದೇಶ ಕಳುಹಿಸಿದರೂ ಅದು ತಲುಪುವಷ್ಟರಲ್ಲಿ ನೌಕೆ ನಾಲ್ಕು ಕಿ.ಮೀ.ಗೂ ಹೆಚ್ಚು ಮುಂದೆ ಸಾಗಿರುತ್ತಿತ್ತು!

ಆದ್ದರಿಂದಲೇ ಕೊನೆಯ ಸುಮಾರು 19 ನಿಮಿಷಗಳಲ್ಲಿ ನೌಕೆಗೆ ತಾನೇ ನೋಡಿ, ತಾನೇ ಅಳೆದು, ತಾನೇ ನಿರ್ಧರಿಸುವ ಬುದ್ಧಿಯನ್ನು ಮೊದಲೇ ತುಂಬಲಾಗಿತ್ತು. ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ 32 ಮೀಟರ್ ವ್ಯಾಸದ ದೈತ್ಯ ಆಂಟೆನಾ ಇದ್ದರೂ ದೂರದ ಮುಂದೆ ಅವಸರ ನಡೆಯದು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ದಾರಿ ತಪ್ಪಿದಾಗಲೂ ಇಲ್ಲಿದ್ದವರು ಏನೂ ಮಾಡುವಂತಿರಲಿಲ್ಲ. ಅವರು ಕಂಡದ್ದೆಲ್ಲ ಆಗಲೇ ನಡೆದುಹೋಗಿದ್ದ ಸಂಗತಿ. ಆ ಸೋಲಿನ ಪಾಠವನ್ನು ಕಲಿತು ಮುಂದಿನ ನೌಕೆಯನ್ನು ಇನ್ನಷ್ಟು ಜಾಣವಾಗಿಸಿದ್ದೇ ಗೆಲುವಿನ ಗುಟ್ಟು.

ಅಂದಹಾಗೆ, 3,84,400 ಎಂಬುದು ಸರಾಸರಿ ಮಾತ್ರ. ಚಂದ್ರನ ಪಥ ದೀರ್ಘವೃತ್ತವಾದ್ದರಿಂದ ದೂರವು ಸಾಮಾನ್ಯವಾಗಿ 3,63,000ದಿಂದ 4,05,000 ಕಿ.ಮೀ.ವರೆಗೆ ಬದಲಾಗುತ್ತಿರುತ್ತದೆ. 1969ರಲ್ಲಿ ಅಪೊಲೊ-11ರ ಯಾತ್ರಿಗಳು ಚಂದ್ರನ ಮೇಲೆ ಪ್ರತಿಫಲಕವೊಂದನ್ನು ಇಟ್ಟು ಬಂದರು. ಅಂಥ ಪ್ರತಿಫಲಕಗಳಿಗೆ ಲೇಸರ್ ಕಿರಣ ಹಾಯಿಸಿ, ಅದು ಮರಳಲು ತೆಗೆದುಕೊಂಡ ಕಾಲದಿಂದ ದೂರವನ್ನು ಅತಿ ನಿಖರವಾಗಿ ಅಳೆಯುತ್ತಾರೆ. ಚಂದ್ರ ವರ್ಷಕ್ಕೆ ಸುಮಾರು 3.8 ಸೆಂ.ಮೀ. ದೂರ ಸರಿಯುತ್ತಿದ್ದಾನೆಂದು ತಿಳಿದದ್ದು ಹೀಗೆಯೇ.

ಲೇಸರ್ ಇಲ್ಲದೆಯೂ ಮನೆಯಲ್ಲೇ ಅಳೆಯಬಹುದು. ಹುಣ್ಣಿಮೆಯ ಸಂಜೆ ಪೂರ್ವದ ಕಿಟಕಿಯ ಗಾಜಿಗೆ ಒಂದು ನಾಣ್ಯ ಅಂಟಿಸಿ. ಒಂದು ಕಣ್ಣು ಮುಚ್ಚಿ, ನಾಣ್ಯವು ಚಂದ್ರನನ್ನು ಸರಿಯಾಗಿ ಮರೆಮಾಡುವವರೆಗೆ ಹಿಂದೆ ಸರಿಯಿರಿ. ಕಣ್ಣಿನಿಂದ ನಾಣ್ಯಕ್ಕಿರುವ ದೂರವನ್ನು ತಂದೆ ಅಥವಾ ತಾಯಿ ಟೇಪಿನಿಂದ ಅಳೆಯಲಿ. ಅದನ್ನು ನಾಣ್ಯದ ವ್ಯಾಸದಿಂದ ಭಾಗಿಸಿದರೆ ಸುಮಾರು 110 ಬರುತ್ತದೆ. ಚಂದ್ರನ ವ್ಯಾಸ 3,475 ಕಿ.ಮೀ. ಅದನ್ನು ನಿಮಗೆ ದೊರೆತ ಸಂಖ್ಯೆಯಿಂದ ಗುಣಿಸಿ ನೋಡಿ.

ಉತ್ತರ ಪುಸ್ತಕದ ಸಂಖ್ಯೆಗೆ ಪೂರ್ತಿ ಹೊಂದದಿರಬಹುದು. ಚಿಂತೆಯಿಲ್ಲ. ಅದು ನೀವೇ ಅಳೆದ ದೂರ. ಪರೀಕ್ಷೆ ಮುಗಿದ ಮೇಲೂ ಮರೆಯುವುದಿಲ್ಲ.